ಪೈಪಮ್ಮನ ಹಠ, ಬೆಳ್ಳಿಯವನ ಮೌನ

"ಕೈ ತೆಗೀರಿ!"

ಹಳೇ ಸಾಮಾನಿನ ಸಂತೆಯಲ್ಲಿ ಅವಳು ಹಾಕಿದ ಕೂಗಿಗೆ ಪಕ್ಕದ ಗಡಿಯಾರದ ವ್ಯಾಪಾರಿ ಬೆಚ್ಚಿ ಎರಡೂ ಕೈ ಮೇಲೆತ್ತಿಬಿಟ್ಟ. ಕೈ ತೆಗೆಯಬೇಕಾದವನು ಮಾತ್ರ ತೆಗೆಯಲಿಲ್ಲ.

ಮುರಿದ ಚಾಕುವಿನ ಹಿಡಿ, ಜೋಡಿ ತಪ್ಪಿದ ಚಮಚ, ತುಕ್ಕು ಹಿಡಿದ ಬೀಗಗಳ ನಡುವೆ ಬಿದ್ದಿದ್ದ ಹೊಗೆ ಸೇದುವ ಒಂದು ಹಳೆಯ ಪೈಪು... ಅದರ ಬಟ್ಟಲು ಅವಳ ಹಿಡಿತದಲ್ಲಿತ್ತು. ಬೆಳ್ಳಿ ಕಟ್ಟು ಹಾಕಿದ್ದ ಅದರ ಕತ್ತು ಅವನ ಹಿಡಿತದಲ್ಲಿತ್ತು.

"ಮೊದಲು ಹಿಡಿದಿದ್ದು ನಾನು," ಅಂದ ಅವನು. ದನಿಯಲ್ಲಿ ಅವಸರವಿಲ್ಲ. ಮೊಣಕೈವರೆಗೆ ಮಡಚಿದ ತೋಳು, ಅದರ ತುಂಬ ಬೆಂಕಿಯ ಕಿಡಿ ಸಿಡಿದ ಸಣ್ಣ ಸಣ್ಣ ಕಲೆಗಳು.

"ಮೊದಲು ನೋಡಿದ್ದು ನಾನು!"

"ನನಗೆ ಇದರ ಬೆಳ್ಳಿ ಸಾಕು. ಕಟ್ಟು ಬಿಚ್ಚಿಕೊಂಡು ಮರಾನ ನಿಮಗೇ ಕೊಡ್ತೀನಿ. ಬೇಕಾದ್ರೆ ಒಲೆಗೆ ಹಾಕ್ಕೊಳ್ಳಿ."

"ಒಲೆಗಾ...?" ಅವಳಿಗೆ ಮಾತೇ ಹೊರಡಲಿಲ್ಲ. ಹೊರಟಾಗ ಒಟ್ಟಿಗೇ ಹೊರಟಿತು. "ಬ್ರಯರ್ ರೀ ಇದು! ಕಲ್ಲುನೆಲದ ಪೊದೆಯ ಬೇರುಗಂಟು. ವರ್ಷಗಟ್ಟಲೆ ಹೊಟ್ಟೆಯೊಳಗೆ ಬೆಂಕಿ ಇಟ್ಕೊಂಡ್ರೂ ಸುಡದ ಮರ. ಓಲೆಯ ಆಸೆಗೆ ಕಿವಿ ಕೊಯ್ಯೋರು ನೀವು!"

"ಮರ ಸುಡಲ್ಲ, ಸರಿ. ಆದ್ರೆ ನೀವು ಚೆನ್ನಾಗೇ ಉರೀತೀರಿ."

ಗಡಿಯಾರದವನು ಕಿಸಕ್ಕನೆ ನಕ್ಕ. ಅವಳು ಅವನನ್ನೊಮ್ಮೆ ದುರುಗುಟ್ಟಿ ನೋಡಿ, ಚೀಲದಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ತೆಗೆದು, ಪೈಪು ಬಿಡದೆಯೇ ಬೆಳ್ಳಿಯ ಮೇಲಿನ ಮುದ್ರೆಗಳಿಗೆ ಬಗ್ಗಿದಳು.

"ನೋಡಿ. ಇದು ಬೆಳ್ಳಿ ಪರೀಕ್ಷೆ ಮಾಡಿದವರ ಮುದ್ರೆ. ಇದು ಯಾವ ವರ್ಷದ್ದು ಅಂತ ಹೇಳೋ ಅಕ್ಷರ. ನಿಮ್ಮ ಮುತ್ತಾತ ತೊಟ್ಟಿಲಲ್ಲಿದ್ದ ಕಾಲದ ಪೈಪು ಇದು. ಕರಗಿಸ್ತಾರಂತೆ, ಕರಗಿಸ್ತಾರೆ!"

ಅವನು ಕೈ ಚಾಚಿದ. ಯಾಕೋ ಅವಳು ಭೂತಗನ್ನಡಿ ಕೊಟ್ಟುಬಿಟ್ಟಳು. ಅವನು ಬಹಳ ಹೊತ್ತು ನೋಡಿದ.

"ಅಕ್ಷರ ಸರಿಯಾಗಿ ಓದಿದ್ರಿ. ಅದರ ಸುತ್ತ ಇರೋ ಚೌಕಟ್ಟು ನೋಡಲಿಲ್ಲ. ಅಕ್ಷರಗಳು ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿಂದ ಬರ್ತವೆ, ಆಗ ಚೌಕಟ್ಟು ಬದಲಾಗುತ್ತೆ. ಈ ಬೆಳ್ಳಿ ನೀವು ಹೇಳಿದ್ದಕ್ಕಿಂತ ಒಂದು ಸುತ್ತು ಈಚಿನದು."

ಅವಳ ಕಿವಿ ಕೆಂಪಾದವು. ಅವನು ಹೇಳಿದ್ದು ನಿಜವಾಗಿತ್ತು!

ಸೋಲು ಒಪ್ಪುವ ಪೈಕಿ ಅವಳಲ್ಲ. ಪೈಪಿನ ಬಾಯಿಕೊಳವೆಯನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿದಳು. ಒಳಗಿನಿಂದ ಹಳದಿಗಟ್ಟಿದ ಮೂಳೆಯ ತಿರುಪು ಹೊರಬಂತು.

"ಹಾಗಾದ್ರೆ ಇದಕ್ಕೇನಂತೀರಿ? ಮೂಳೆ ತಿರುಪು ಹಾಕೋದು ನೀವು ಹೇಳೋ ಕಾಲಕ್ಕೆ ಆಗಲೇ ನಿಂತುಹೋಗಿತ್ತು. ಮರ ಹಳೇದೇ. ಕತ್ತು ಬಿರುಕು ಬಿಟ್ಟಾಗ ಬೆಳ್ಳಿ ಆಮೇಲೆ ಸೇರಿದೆ. ಒಂದೇ ಗುರುತು ನಂಬಿ ವಯಸ್ಸು ಹೇಳಬಾರದು."

"ಅದನ್ನೇ ನಾನೂ ಹೇಳಿದ್ದು," ಅಂದ ಅವನು ನಗುತ್ತ. ಪೈಪಿನಿಂದ ಕೈ ತೆಗೆದ. "ತಗೊಳ್ಳಿ. ಉಜ್ಜಿ ಚೊಕ್ಕ ಮಾಡಿದ ಮೇಲೆ ಒಂದು ಸಲ ತೋರಿಸ್ತೀರಾ?"

*ತೋರಿಸಲ್ಲ!* ಅಂತ ಹೇಳಲು ಅವಳು ಬಾಯಿ ತೆರೆದಳು.

"ಕೋರ್ಟಿನ ಹಿಂದಿನ ಬೀದಿ. ಕನ್ನಡಕದ ಅಂಗಡಿ," ಅಂತ ಬಂತು ಮಾತು.

*

ಆ ಕನ್ನಡಕದ ಅಂಗಡಿ ಅವಳ ಚಿಕ್ಕಮ್ಮನದು. ತಂದೆ ತಾಯಿ ಇಲ್ಲದ ಅವಳನ್ನು ಸಾಕಿದ್ದು, ಗಾಜು ಸಾಣೆ ಹಿಡಿಯುವುದನ್ನು ಕಲಿಸಿದ್ದು ಚಿಕ್ಕಮ್ಮನೇ. ಯಾರೋ ಗಿರಾಕಿ ಬಿಟ್ಟುಹೋದ ಮುರುಕು ಚೌಕಟ್ಟುಗಳ ಡಬ್ಬಿಯಲ್ಲಿ ಅವಳಿಗೆ ಮೊದಲ ಪೈಪು ಸಿಕ್ಕಿತ್ತು. ಮಸೂರದ ಕೆಳಗಿಟ್ಟಾಗ ಅದರ ಕತ್ತಿನ ಮೇಲೆ ಸವೆದ ಅಕ್ಷರಗಳು ಕಂಡವು. ಇದನ್ನು ಯಾರು ಕೆತ್ತಿದರು, ಯಾವಾಗ ಅನ್ನುವ ಹುಚ್ಚು ಆವತ್ತು ಹಿಡಿದದ್ದು ಬಿಡಲೇ ಇಲ್ಲ.

ತಮಾಷೆಯೆಂದರೆ, ಅವಳಿಗೆ ಹೊಗೆ ಕಂಡರಾಗದು. ಬೀದಿಯಲ್ಲಿ ಯಾರಾದರೂ ಸಿಗರೇಟು ಹಚ್ಚಿದರೆ ಮೂಗು ಮುಚ್ಚಿಕೊಂಡು ಓಡುವವಳು ಅವಳು.

"ಹುಡುಗಿ ಹೊಗೆ ಸೇದ್ತಾಳಾ?" ಎಂದು ಸಂಬಂಧ ಕೇಳಿಕೊಂಡು ಬಂದ ಹೆಂಗಸೊಬ್ಬಳು ಚಿಕ್ಕಮ್ಮನ ಕಿವಿಯಲ್ಲಿ ಕೇಳಿದ್ದಳು.

"ಇನ್ನೂ ಇಲ್ಲ," ಎಂದು ಅವಳೇ ಒಳಗಿಂದ ಉತ್ತರ ಕೊಟ್ಟಿದ್ದಳು. "ಹೀಗೇ ಪ್ರಶ್ನೆ ಕೇಳ್ತಿದ್ರೆ ಶುರು ಮಾಡ್ತೀನಿ."

ಆ ಸಂಬಂಧ ಅಲ್ಲಿಗೇ ಮುಗಿಯಿತು. ಬೀದಿಯ ಜನ ಅವಳಿಗೆ 'ಪೈಪಮ್ಮ' ಅಂತ ಹೆಸರಿಟ್ಟರು. "ನಲ್ಲಿ ಸೋರ್ತಿದೆ, ಬರ್ತೀರಾ ಪೈಪಮ್ಮ?" ಅಂತ ಹಂಗಿಸಿದರು. ಅವಳು ಏನು ಮಾಡಿದಳು ಗೊತ್ತೇ? ಅದೇ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿ ಅಂಗಡಿಯ ಗಾಜಿಗೆ ಅಂಟಿಸಿದಳು. 'ಪೈಪಮ್ಮ. ಹಳೆಯ ಬ್ರಯರ್ ಪೈಪುಗಳ ವಯಸ್ಸು ಹೇಳಲಾಗುತ್ತದೆ. ನಲ್ಲಿ ರಿಪೇರಿ ಇಲ್ಲ.'

ಆ ಗಾಜಿನ ಬಾಗಿಲು ತಳ್ಳಿಕೊಂಡು ಸಂತೆಯಲ್ಲಿ ಸಿಕ್ಕಿದ್ದ ಬೆಳ್ಳಿಯವನು ಬಂದ. ಬಂದವನು ಬರುತ್ತಲೇ ಇದ್ದ.

"ಏನೇ, ಕಣ್ಣು ನೆಟ್ಟಗಿರೋ ಗಿರಾಕಿ ಪದೇ ಪದೇ ಕನ್ನಡಕದ ಅಂಗಡಿಗೆ ಯಾಕೆ ಬರ್ತಾನೆ?" ಅಂದಳು ಚಿಕ್ಕಮ್ಮ.

"ಪೈಪು ನೋಡೋಕೆ."

"ಹೂಂ... ಅವನು ಬಂದಾಗಲೆಲ್ಲ ಪೈಪು ಕಪಾಟಿನಲ್ಲಿರುತ್ತೆ, ಅವನ ಕಣ್ಣು ಬೇರೆ ಕಡೆ ಇರುತ್ತೆ. ನಾನೇ ಪರೀಕ್ಷೆ ಮಾಡಬೇಕು ಅವನ ಕಣ್ಣನ್ನ."

ಇಬ್ಬರೂ ಸೇರಿ ಕೆಲಸ ಶುರುಮಾಡಿದ್ದು ಯಾವಾಗ ಅಂತ ಇಬ್ಬರಿಗೂ ನೆನಪಿಲ್ಲ. ಹಸಿರುಗಟ್ಟಿದ ಗಟ್ಟಿ ರಬ್ಬರಿನ ಬಾಯಿಕೊಳವೆಗಳನ್ನು ಅವಳು ಉಜ್ಜಿ ಕಪ್ಪು ಮಾಡುತ್ತಿದ್ದಳು. ಆ ರಬ್ಬರಿನಿಂದೇಳುವ ಗಂಧಕದ ನಾತಕ್ಕೆ ಚಿಕ್ಕಮ್ಮ ಕಿಟಕಿ ತೆರೆಯುತ್ತಿದ್ದಳು. ಬಿರುಕು ಬಿಟ್ಟ ಕತ್ತುಗಳಿಗೆ ಅವನು ಬೆಳ್ಳಿ ಕಟ್ಟು ಹಾಕುತ್ತಿದ್ದ. ಅವನ ಬೆಸುಗೆ ಯಾವಾಗಲೂ ಓರೆ.

"ಎಲ್ಲರೂ ನೇರವಾಗಿ ಬೆಸೀತಾರಲ್ಲ?" ಅಂತ ಕೇಳಿದ್ದಳು ಒಮ್ಮೆ.

"ನೇರ ಬೆಸುಗೆ ಬೇಗ ಬಿಡುತ್ತೆ. ಓರೆಯಾದ್ರೆ ಎರಡು ತುದೀನೂ ಒಂದರ ಮೇಲೊಂದು ಒರಗಿರ್ತವೆ," ಅಂದಿದ್ದ. ಹಾಗೆ ಹೇಳುವಾಗ ಅವನು ಬೆಳ್ಳಿಯನ್ನು ನೋಡುತ್ತಿರಲಿಲ್ಲ...

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. *ಬೆಸುಗೆಯ ಮಾತಿಗೆಲ್ಲ ಎದೆ ಹೀಗೆ ಹೊಡೆದುಕೊಂಡರೆ ಹೇಗಪ್ಪಾ!*

*

ಊರಿನಲ್ಲಿ ಪೈಪು ಸಂಗ್ರಾಹಕರ ಕೂಟವೊಂದಿತ್ತು. ಎಲ್ಲರೂ ಗಂಡಸರು. ಅವಳನ್ನು ಬಾಗಿಲೊಳಗೆ ಬಿಟ್ಟುಕೊಂಡವರು ಒಬ್ಬರೇ, ಅಧ್ಯಕ್ಷರಾದ ಹಲ್ಲಿನ ಡಾಕ್ಟರು. ಬಿಳಿ ಮೀಸೆ, ಮೆದು ಮಾತು. ಮೂಳೆ ತಿರುಪನ್ನು ಗುರುತಿಸುವುದು, ಕತ್ತಿನ ಮುದ್ರೆ ಅಸಲೋ ನಕಲೋ ತಿಳಿಯುವುದು, ಬಾಯಿಕೊಳವೆಯ ಮೇಲಿನ ಹಲ್ಲಿನ ಗುರುತಿನಿಂದ ಸೇದಿದವನು ಎಡಗಡೆ ಕಚ್ಚುತ್ತಿದ್ದನೋ ಬಲಗಡೆಯೋ ಹೇಳುವುದು... ಎಲ್ಲವನ್ನೂ ಅವಳಿಗೆ ಕಲಿಸಿದವರು ಅವರೇ.

"ನಿನ್ನಂಥ ಕಣ್ಣು ಈ ಕೂಟದಲ್ಲಿ ಯಾರಿಗೂ ಇಲ್ಲ ಮಗು," ಎನ್ನುತ್ತಿದ್ದರು. ಅವಳ ಪಾಲಿಗೆ ಅವರು ಗುರುಗಳಿಗಿಂತ ಹೆಚ್ಚು.

ಆ ವರ್ಷ ಕೂಟದ ದೊಡ್ಡ ಪ್ರದರ್ಶನ. ಡಾಕ್ಟರ ಸಂಗ್ರಹವನ್ನು ಊರಿನ ವಸ್ತುಸಂಗ್ರಹಾಲಯ ಪಡೆಯುವುದಿತ್ತು. ಒಂದು ಕೋಣೆಗೆ ಅವರ ಹೆಸರು! ಪ್ರತಿ ಪೈಪಿನ ಮುಂದೆ ಅದರ ವಯಸ್ಸು ಹೇಳುವ ಚೀಟಿ ಬರೆಯುವ ಕೆಲಸ ಅವಳಿಗೆ ಬಂತು. ಒಬ್ಬಿಬ್ಬರು ಗೊಣಗಿದರು. ಡಾಕ್ಟರು ಕೇಳಲಿಲ್ಲ.

ಕೊನೆಗೆ ಅವಳ ಕೈಗೆ ಬಂದದ್ದು ಸಂಗ್ರಹದ ಕಿರೀಟ. ಬ್ರಯರ್ ಕೆತ್ತಲು ಶುರುಮಾಡಿದ ಮೊದಲ ತಲೆಮಾರಿನ ಪೈಪು.

"ಹೋದ ವರ್ಷ ದೂರದ ವ್ಯಾಪಾರಿಯೊಬ್ಬ ತಂದುಕೊಟ್ಟ," ಅಂದರು ಡಾಕ್ಟರು. "ಮರ, ಬೆಳ್ಳಿ ಎರಡೂ ಒಂದೇ ಕಾಲದ್ದು. ಹಾಗಂತ ಬರೆದುಬಿಡು."

ಅವಳು ಅಂಗಡಿಗೆ ತಂದು ನೋಡಿದಳು. ಮರ ಹಳೆಯದು. ತಿರುಪು ಹಳೆಯದು. ಬೆಳ್ಳಿಯ ಮುದ್ರೆಗಳೂ ಅದೇ ಕಾಲ ಹೇಳುತ್ತಿದ್ದವು. ಪೈಪನ್ನು ಬೋರಲು ಮಾಡಿದಳು.

ಕತ್ತಿನ ಕೆಳಗೆ, ಸರಿಯಾಗಿ ಕಣ್ಣಿಗೆ ಬೀಳದ ಜಾಗದಲ್ಲಿ... ಓರೆ ಬೆಸುಗೆ.

ಪೈಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಎದ್ದಳು.

*

ಅವನ ಕೆಲಸದ ಕೋಣೆಗೆ ನುಗ್ಗಿದಾಗ ಅವನು ಉರಿಯ ಮುಂದೆ ಕೂತಿದ್ದ. ಅವಳನ್ನು ಕಂಡು ಮುಖ ಅರಳಿತು. ಅವಳು ಪೈಪನ್ನು ಮೇಜಿನ ಮೇಲಿಟ್ಟಳು.

"ಈ ಕಟ್ಟು ನೀವು ಮಾಡಿದ್ದಾ?"

ಅವನು ನೋಡಿದ. "ಹೌದು."

"ಹೌದು ಅಂತೀರಾ? ಇಷ್ಟು ಸಲೀಸಾಗಿ? ಈ ಮುದ್ರೆಗಳು?"

ಅವನು ಪೈಪನ್ನು ಬೆಳಕಿಗೆ ಹಿಡಿದ. ಮುಖದ ಬಣ್ಣ ಇಳಿಯಿತು. "ಇವು ನನ್ನವಲ್ಲ."

"ಮತ್ತೆ ಯಾರದು? ಯಾರಿಗೆ ಮಾಡಿಕೊಟ್ರಿ ಇದನ್ನ?"

ಅವನು ಪೈಪನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. "ಯಾರಿಗೂ ಹೇಳಲ್ಲ ಅಂತ ಗಿರಾಕಿಗೆ ಮಾತು ಕೊಟ್ಟಿದ್ದೀನಿ. ಕಟ್ಟು ನಂದು. ಮುದ್ರೆ ನಂದಲ್ಲ. ಅಷ್ಟೇ ಹೇಳಬಲ್ಲೆ."

"ಎಷ್ಟು ಅನುಕೂಲದ ಮಾತು!"

"ನನ್ನ ನಂಬ್ತೀರಾ ಇಲ್ವಾ?"

ಪ್ರಶ್ನೆ ಸಣ್ಣದು. ಆದರೆ ಅವಳಿಗೆ ಸಂತೆಯಲ್ಲಿ ಬೆಳ್ಳಿಯ ಮುದ್ರೆಗಳನ್ನು ಅವನು ಅಂಗೈ ರೇಖೆಯ ಹಾಗೆ ಓದಿದ್ದು ನೆನಪಾಯಿತು. *ಇಷ್ಟು ಬಲ್ಲವನಿಗೆ ಮಾಡುವುದೇನು ಕಷ್ಟ?*

"ನನ್ನ ಜೊತೆ ಕೂತು, ನನ್ನಿಂದಲೇ ಕೇಳಿ ತಿಳ್ಕೊಂಡು... ಯಾವನೋ ವ್ಯಾಪಾರಿ ಕೈಲಿ ನಮ್ಮ ಡಾಕ್ಟರಿಗೇ ಮೋಸ ಮಾಡಿಸಿದ್ರಿ," ಅಂದಳು. "ನೀವು ಕರಗಿಸಿದ್ದು ಬೆಳ್ಳಿ ಒಂದನ್ನೇ ಅಲ್ಲ."

ಅವನು ತಿರುಗಿ ಉರಿಯ ಮುಂದೆ ಕೂತ. ಪೈಪು ಎತ್ತಿಕೊಂಡು, ಅವನ ಬೆನ್ನು ನೋಡುತ್ತ ಅವಳು ಹೊರಬಂದಳು. ಬೀದಿ ತಿರುಗಿದ ಮೇಲೆ ಅತ್ತಳು, ಸಿಟ್ಟಿಗೆ ಅಂತ ತನಗೆ ತಾನೇ ಹೇಳಿಕೊಂಡು.

*

ಸತ್ಯ ಗೊತ್ತಾದದ್ದು ಒಂದು ಸಾಧಾರಣ ಬೆಳಗ್ಗೆ, ಗಿರಾಕಿಯ ಕನ್ನಡಕದ ಮೇಲೆ ಕೆಲಸ ಮಾಡುವಾಗ.

ಅಂಚಿಲ್ಲದ ಕನ್ನಡಕ. ಗಾಜಿಗೆ ಸಣ್ಣ ಡ್ರಿಲ್‌ನಿಂದ ತೂತು ಕೊರೆಯುತ್ತಿದ್ದಳು. ಪುಡಿ ಒರೆಸಿ ಭೂತಗನ್ನಡಿಯಲ್ಲಿ ನೋಡಿದಾಗ ತೂತಿನ ಗೋಡೆಯಲ್ಲಿ ತಿರುಗುವ ಮೊನೆ ಬಿಟ್ಟುಹೋದ ಸುತ್ತು ಸುತ್ತು ಗೀರುಗಳು. ದಿನಾ ಕಾಣುವಂಥವೇ. ಆವತ್ತು ಮಾತ್ರ ಅವಳು ಕದಲದೆ ಕೂತಳು.

"ಏನೇ, ಗಾಜಿನೊಳಗೆ ಯಾರಾದ್ರೂ ಕಂಡ್ರಾ?" ಅಂದಳು ಚಿಕ್ಕಮ್ಮ.

ಅವಳು ಉತ್ತರಿಸದೆ ಡಾಕ್ಟರ ಪೈಪು ಎಳೆದುಕೊಂಡಳು. ಮುದ್ರೆಯ ಅಕ್ಷರಗಳ ತಳ ನೋಡಿದಳು. ಸುತ್ತಿಗೆಯಿಂದ ಹೊಡೆದ ಮುದ್ರೆಯ ತಳ ನುಣ್ಣಗಿರಬೇಕು. ಇಲ್ಲಿ ಸುತ್ತು ಸುತ್ತು ಗೀರುಗಳು! ಈ ಮುದ್ರೆ ಹೊಡೆದದ್ದಲ್ಲ, ಡ್ರಿಲ್‌ನಿಂದ ಕೊರೆದದ್ದು.

ಬೆಳ್ಳಿಯವನ ಕೋಣೆಯ ಮೂಲೆ ಮೂಲೆ ಅವಳಿಗೆ ಗೊತ್ತು. ಅಲ್ಲಿರುವುದು ಸುತ್ತಿಗೆ, ಉಳಿ, ಉರಿ. ಡ್ರಿಲ್ ಅವನು ಮುಟ್ಟಿದವನಲ್ಲ. ಇಷ್ಟು ಸಣ್ಣ ಮೊನೆಯ ಡ್ರಿಲ್ ಕನ್ನಡಕದವರ ಹತ್ತಿರ ಇರುತ್ತದೆ. ಮತ್ತೆ...?

ಅವಳ ನಾಲಿಗೆ ತಾನಾಗಿಯೇ ಹಿಂದಿನ ದವಡೆ ಹಲ್ಲಿಗೆ ಹೋಯಿತು. ಆ ಹಲ್ಲು ಕೊರೆದು ಬೆಳ್ಳಿ ತುಂಬಿದವರು... ಡಾಕ್ಟರು.

"ಅಯ್ಯೋ," ಅಂದಳು. "ಅಯ್ಯೋ ಚಿಕ್ಕಮ್ಮಾ... ಏನು ಮಾಡಿಬಿಟ್ಟೆ ನಾನು!"

*

ಅವನ ಬಾಗಿಲಿಗೆ ಓಡಿದಳು. ಒಂದೇ ಉಸಿರಿಗೆ ಗೀರು, ಡ್ರಿಲ್ಲು, ಡಾಕ್ಟರು ಎಲ್ಲ ಹೇಳಿದಳು. "ನೀವು ಮಾಡಿಲ್ಲ! ನಂಗೀಗ ಗೊತ್ತಾಯ್ತು. ತಪ್ಪಾಯ್ತು... ಕ್ಷಮಿಸಿ."

ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

"ಮುದ್ರೆ ನಂದಲ್ಲ ಅಂತ ನಾನು ಆವತ್ತೇ ಹೇಳಿದ್ನಲ್ಲ. ನನ್ನ ಮಾತು ಸಾಲಲಿಲ್ಲ. ಗೀರುಗಳ ಮಾತು ಬೇಕಾಯ್ತಾ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಪೈಪಿನ ವಯಸ್ಸು ಹೇಳೋಕೆ ಒಂದು ಗುರುತು ಸಾಲದು ಅಂತೀರಿ. ನನ್ನನ್ನ ಅಳೆಯೋಕೆ ಮಾತ್ರ ಒಂದೇ ಗುರುತು ಸಾಕಾಯ್ತು." ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. "ಹೋಗಿ. ಬಾಗಿಲು ಹಾಕ್ಕೊಂಡು ಹೋಗಿ."

ಅಳುತ್ತ ಕೂರುವುದು ಅವಳ ಜಾಯಮಾನವಲ್ಲ. ನೇರ ಡಾಕ್ಟರ ಮನೆಗೆ ನಡೆದಳು.

ಡಾಕ್ಟರು ಅಲ್ಲಗಳೆಯಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು.

"ಕತ್ತು ಬಿರುಕು ಬಿಟ್ಟಿತು ಮಗು. ನನ್ನ ಕೈಯಲ್ಲೇ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡು ಕಟ್ಟು ಹಾಕಿಸಿದೆ. ಬರೀ ಕಟ್ಟಿದ್ರೆ ರಿಪೇರಿ ಮಾಲು ಅಂತಾರೆ, ನಡುವಿನ ಕಪಾಟಿನಲ್ಲಿ ಇಡಲ್ಲ. ಎರಡು ಮುದ್ರೆ ಕೊರೆದೆ... ಆ ಕೋಣೆಗೆ ನನ್ನ ಹೆಸರು ಬರುತ್ತೆ. ಒಂದು ಸಾಲು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ? ನಿನ್ನನ್ನ ಕೂಟದ ಕಾರ್ಯದರ್ಶಿ ಮಾಡ್ತೀನಿ. ಯಾರು ತಡೀತಾರೋ ನೋಡೋಣ."

ಅವಳ ಕಣ್ಣು ತುಂಬಿದವು. "ಓದೋದು ಕಲಿಸಿದವರು ನೀವು. ಈಗ ಓದಬೇಡ ಅಂದ್ರೆ ಹೇಗೆ ಸಾರ್?"

"ಹಾಗಾದ್ರೆ ಏನು ಬರೀತೀಯ?"

"ಕಂಡದ್ದನ್ನ."

*

ಪ್ರದರ್ಶನದ ಬೆಳಗ್ಗೆ ಸಭಾಂಗಣ ತುಂಬಿತ್ತು. ನಡುವಿನ ಕಪಾಟಿನ ಗಾಜು ತೆರೆದಿತ್ತು. ಕೋಟು ತೊಟ್ಟ ಗಂಡಸರು ಆ ಪೈಪಿನ ಮುಂದೆ ಗುಂಪುಗೂಡಿ ಪಿಸುಗುಟ್ಟುತ್ತಿದ್ದರು. ಚೀಟಿಯ ಮೇಲೆ ಅವಳ ಅಕ್ಷರ ಸ್ಪಷ್ಟವಾಗಿತ್ತು.

'ಮರ ಮತ್ತು ಮೂಳೆ ತಿರುಪು: ಬ್ರಯರ್ ಕೆತ್ತನೆಯ ಮೊದಲ ತಲೆಮಾರು. ಬೆಳ್ಳಿ ಕಟ್ಟು: ಇತ್ತೀಚಿನದು, ನಮ್ಮೂರ ಬೆಳ್ಳಿ ಕೆಲಸಗಾರರ ಪ್ರಾಮಾಣಿಕ ರಿಪೇರಿ. ಮುದ್ರೆಗಳು: ಬೇರೊಬ್ಬರು ಆಮೇಲೆ ಕೊರೆದವು. ಸುಳ್ಳು.'

ಡಾಕ್ಟರು ಓದಿದರು. ಎಲ್ಲರ ಕಣ್ಣೂ ಅವರ ಮೇಲಿತ್ತು. ಗಾಬರಿಯಲ್ಲಿ ಮನುಷ್ಯ ಕೈಗೆ ಸಿಕ್ಕಿದ ಹಗ್ಗ ಹಿಡಿಯುತ್ತಾನೆ.

"ಹಾಗಾದ್ರೆ ಬೆಳ್ಳಿಯವನೇ ನನಗೆ ಮೋಸ ಮಾಡಿರಬೇಕು!" ಅಂದರು. "ಸುಳ್ಳು ಮುದ್ರೆ ಅವನದೇ ಕೆಲಸ!"

"ಅಲ್ಲ!"

ಅವಳ ದನಿ ಸಭಾಂಗಣದ ಮೂಲೆಗೆ ಮುಟ್ಟಿತು. ಗುಂಪು ಸೀಳಿಕೊಂಡು ಮುಂದೆ ಬಂದಳು.

"ಅವರ ಮೇಲೆ ಆ ಮಾತು ಹೊರಿಸಬೇಡಿ. ನಾನು ಒಂದು ಸಲ ಹೊರಿಸಿದ್ದೀನಿ, ಅದೇ ಹೆಚ್ಚಾಯ್ತು. ಈ ಮುದ್ರೆ ಹೊಡೆದಿದ್ದಲ್ಲ, ಕೊರೆದಿದ್ದು. ಭೂತಗನ್ನಡಿ ಇಲ್ಲಿದೆ, ಯಾರು ಬೇಕಾದ್ರೂ ಬಗ್ಗಿ ನೋಡಿ. ಕೊರೆದವರ ಹೆಸರು ಚೀಟಿಯಲ್ಲಿ ಬರೆದಿಲ್ಲ." ಡಾಕ್ಟರ ಕಡೆ ತಿರುಗಿದಳು. "ಬರೀಲಾ ಸಾರ್?"

ಮುಂದೆ ನಿಂತಿದ್ದವನೊಬ್ಬ ಭೂತಗನ್ನಡಿಗೆ ಕೈ ಚಾಚಿದ.

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. "ನೀವು... ಇನ್ನು ಈ ಕೂಟಕ್ಕೆ ಬರೋದು ಬೇಡ."

*ನೀವು!* ಇಷ್ಟು ವರ್ಷ 'ಮಗು' ಅಂದ ಬಾಯಿ. ಆ ಒಂದು ಬಹುವಚನ ಕಪಾಳಕ್ಕೆ ಬಿದ್ದ ಹಾಗಾಯಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಸರಿ ಸಾರ್. ನಾನು ಬರ್ತಿದ್ದದ್ದು ಪೈಪುಗಳಿಗೆ. ಅವು ಸಂತೇಲೂ ಸಿಗ್ತವೆ."

ಹಿಂದಿನ ಸಾಲಿನಲ್ಲಿ ಚಿಕ್ಕಮ್ಮ ಕೈಚೀಲ ಹಿಡಿದು ಎದ್ದಳು. "ಕಂಡದ್ದನ್ನ ಬರೆದ್ರೆ ಹೊರಗೆ ಹಾಕ್ತೀರಾ? ನಿಮ್ಮಲ್ಲಿ ಯಾರ್ಯಾರಿಗೆ ಕಾಣಿಸ್ತಿಲ್ಲವೋ ಎಲ್ಲರೂ ಅಂಗಡಿಗೆ ಬನ್ನಿ. ಕಣ್ಣಿನ ಪರೀಕ್ಷೆ ಪುಕ್ಕಟೆ!"

ಯಾರೋ ನಕ್ಕರು. ಡಾಕ್ಟರು ಚೀಟಿಯತ್ತ ಕೈ ಚಾಚಿದರು. ಹರಿದು ಹಾಕುತ್ತಾರೆ ಅಂತ ಎಲ್ಲರೂ ಅಂದುಕೊಂಡರು. ಅವರು ಅದನ್ನು ಎತ್ತಿಕೊಂಡು, ಇನ್ನೊಮ್ಮೆ ಓದಿ, ನಿಧಾನವಾಗಿ ಮತ್ತೆ ಪೈಪಿನ ಪಕ್ಕಕ್ಕೇ ಒರಗಿಸಿ ಇಟ್ಟರು. ಆಮೇಲೆ ಕಪಾಟಿನ ಅಂಚು ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ನಿಂತರು.

ಅವಳು ತಿರುಗಿದಳು. ಬಾಗಿಲಿನಲ್ಲಿ ಅವನು ನಿಂತಿದ್ದ.

*

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಚೆಲ್ಲಿತ್ತು. ಇಬ್ಬರೂ ಒಂದು ಮೆಟ್ಟಿಲಿನ ಅಂತರ ಬಿಟ್ಟು ನಿಂತರು.

"ನೀವು ಬರ್ತೀರಿ ಅಂದ್ಕೊಂಡಿರಲಿಲ್ಲ," ಅಂದಳು.

"ನಾನೂ ಅಂದ್ಕೊಂಡಿರಲಿಲ್ಲ. ನಿಮ್ಮ ಚಿಕ್ಕಮ್ಮ ಬೆಳಗ್ಗೆ ಬಂದು ಬೈದ್ರು. 'ಹಠ ಮಾಡೋಕೂ ಒಂದು ಲೆಕ್ಕ ಇರುತ್ತೆ ಕಣಯ್ಯಾ' ಅಂದ್ರು."

"ಅಮ್ಮಮ್ಮಾ... ಇನ್ನೇನು ಅಂದ್ರು?"

"ಅದು ಹೇಳುವಂಥದ್ದಲ್ಲ."

ಅವಳಿಗೆ ನಗು ಬಂತು, ಜೊತೆಗೆ ಅಳುವೂ. ಅವನು ಕೈಗಳನ್ನು ಉಜ್ಜಿಕೊಂಡ.

"ನಾನೂ ಬಾಯಿ ಬಿಟ್ಟು ಕೇಳಬಹುದಿತ್ತು. ಡಾಕ್ಟರ ಹತ್ರ ಹೋಗಿ, 'ನೀವು ಮಾಡಿದ್ದು ಸರಿಯಲ್ಲ, ನನ್ನ ಮಾತು ನನಗೆ ವಾಪಸ್ ಕೊಡಿ' ಅನ್ನಬಹುದಿತ್ತು. ನೀವು ನಂಬಲಿಲ್ಲ ಅನ್ನೋ ಸಿಟ್ಟಲ್ಲಿ ಸುಮ್ಮನೆ ಕೂತೆ. ನೀವು ಒಬ್ಬರೇ ಹೋಗಿ ಎಲ್ಲರ ಮುಂದೆ ನಿಂತ್ರಿ. ಇದ್ದ ಒಂದು ಕೂಟಾನೂ ಕಳ್ಕೊಂಡ್ರಿ. ನನಗೋಸ್ಕರ..."

"ನಿಮಗೋಸ್ಕರ ಅಲ್ಲ!" ಅಂದಳು ತಟ್ಟನೆ. "ನೀವಿಲ್ಲದಿದ್ರೂ ಅದನ್ನೇ ಬರೀತಿದ್ದೆ. ಸುಳ್ಳು ಸುಳ್ಳೇ."

"ಗೊತ್ತು," ಅಂದ ಅವನು ಮೆಲ್ಲಗೆ. "ಅದಕ್ಕೇ ಬಂದೆ."

ಅವಳು ಅವನ ಮುಖ ನೋಡಿದಳು. *ಇವನಿಗೆ ಅರ್ಥವಾಗುತ್ತದೆ. ನಾನು ಇರುವ ಹಾಗೇ ಅರ್ಥವಾಗುತ್ತೇನೆ.* ಹೇಳಿಬಿಡಬೇಕು. ಈಗಲೇ. ಕೂಟ ಹೋಯಿತು, ಮಾನವೂ ಹೋಗುವುದಿದ್ದರೆ ಹೋಗಲಿ!

"ನಾನು ಮತ್ತೆ ಕ್ಷಮೆ ಕೇಳಲ್ಲ," ಅಂದಳು ಗದ್ದ ಎತ್ತಿ. "ಆವತ್ತೇ ಕೇಳಿದೀನಿ, ಮನಸಾರೆ ಕೇಳಿದೀನಿ. ಇವತ್ತು ಬೇರೆ ಮಾತು. ನಂಗೆ... ನಂಗೆ ನೀನು ಬೇಕು."

ಅವನು ಹುಬ್ಬೇರಿಸಿದ. "ನೀನು?"

"ಹೌದು, ನೀನು. ಇಷ್ಟು ಜಗಳ ಆಡಿದ ಮೇಲೂ ನೀವು ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ. ಬೇಡ ಅನ್ನೋದಾದ್ರೆ ಈಗಲೇ ಅಂದುಬಿಡು. ಅತ್ತು ಕರೆದು ಮಾಡಲ್ಲ. ನನ್ನ ಪಾಡಿಗೆ ನಾನು ಹೋಗ್ತೀನಿ."

"ಇಷ್ಟು ಜೋರು ಮಾಡಿ ಪ್ರೀತಿ ಹೇಳೋದನ್ನ ನಾನು ಎಲ್ಲೂ ನೋಡಿಲ್ಲ."

"ಈಗ ನೋಡಿದೆಯಲ್ಲ!"

ಅವನು ಮೇಲಿನ ಮೆಟ್ಟಿಲಿನಿಂದ ಇಳಿದು ಅವಳ ಮೆಟ್ಟಿಲಿಗೆ ಬಂದ. ಸುಟ್ಟ ಕಲೆಗಳಿದ್ದ ಆ ಕೈ ಅವಳ ಕೈಯನ್ನು ಮೆಲ್ಲಗೆ ಹಿಡಿಯಿತು. ಬೆಚ್ಚಗಿತ್ತು.

"ಕೋಪ ಹೋಯ್ತಾ?" ಅಂತ ಕೇಳಿದಳು. ಈಗ ಅವಳ ದನಿ ಪಿಸುಮಾತಾಗಿತ್ತು.

"ಪೂರ್ತಿ ಹೋಗಿಲ್ಲ. ಅರ್ಧ ಇದೆ."

"ಆ ಅರ್ಧಕ್ಕೆ ನಾನೇನು ಮಾಡಬೇಕು?"

"ಜೊತೆಗಿರಬೇಕು. ದಿನಾ ಸ್ವಲ್ಪ ಸ್ವಲ್ಪ ತೋರಿಸಿ ಮುಗಿಸ್ತೀನಿ."

"ಬೇಗ ಮುಗಿದುಹೋದ್ರೆ?"

"ನೀನಿದ್ದೀಯಲ್ಲ," ಅಂದ ಅವನು, ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಹೊಸದು ಬರಿಸದೆ ಬಿಡ್ತೀಯಾ?"